ಒದ್ದೆ ಕೈಗೊಂದು ಆ್ಯಪ್

12 ಸೆಪ್ಟೆಂಬರ್ 2025, ಶುಕ್ರವಾರ
ಮಂಗಳೂರು

ಮೀನಿನ ಹರಾಜಿನ ಲೆಕ್ಕ ಬರೆಯಲು ನಾವು ಮಾಡುತ್ತಿರುವ ಆ್ಯಪನ್ನು ಇವತ್ತು ಬಂದರಿನ ದಕ್ಕೆಗೆ ತೆಗೆದುಕೊಂಡು ಹೋದೆವು. ಪೂರ್ತಿ ಮುಗಿಯಲಿ, ಆಮೇಲೆ ತೋರಿಸುವ ಎಂದು ಆಫೀಸಿನಲ್ಲಿ ಕೆಲವರು ಹೇಳಿದ್ದರು. ನಾನು ಒಪ್ಪಲಿಲ್ಲ. ಬಳಸುವ ಜಾಗ ನೋಡದೆ ಮುಗಿಸುವುದು ಏನನ್ನು?

ಬೆಳಗ್ಗೆಯೇ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಂಗುಡೆ, ಬೂತಾಯಿ ಬುಟ್ಟಿಗಳು ಇಳಿಯುತ್ತಿದ್ದವು. ಜೊತೆಗೆ ಜಿಟಿಜಿಟಿ ಮಳೆ. ಲೆಕ್ಕ ಬರೆಯುವ ಅಕ್ಕನ ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಫೋನ್. ಕೆಲಸಕ್ಕೆ ಸಿಗುವುದು ಒಂದು ಹೆಬ್ಬೆರಳು, ಅದೂ ಒದ್ದೆ. 12 ಎಂದು ಒತ್ತಿದರು, 122 ಬಿತ್ತು. ಅಳಿಸಲು ಹೋದಾಗ ಪಟ್ಟಿಯೇ ಮೇಲಕ್ಕೆ ಓಡಿತು.

"ಇದು ಆಗ್ಲಿಕ್ಕಿಲ್ಲ ಮಾರಾಯ್ರೆ, ಪುಸ್ತಕವೇ ಬೇಗ" ಅಂದರು.

ಅವರು ಹೇಳಿದ್ದು ಸರಿ. ಟಚ್‌ಸ್ಕ್ರೀನ್ ಗುರುತಿಸುವುದು ಬೆರಳು ಮುಟ್ಟಿದಾಗ ಅಲ್ಲಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು. ನೀರಿನ ಹನಿಯಿಂದಲೂ ಆ ವ್ಯತ್ಯಾಸ ಆಗುತ್ತದೆ. ಉಪ್ಪುನೀರಾದರೆ ಕಾಟ ಇನ್ನೂ ಜಾಸ್ತಿ.

ಒಂದು ಕೈಯ ವಿಷಯವೂ ಹೊಸದಲ್ಲ. 2013ರಲ್ಲಿ ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರ ರಸ್ತೆ, ಬಸ್ಸುಗಳಲ್ಲಿ ಜನ ಫೋನ್ ಹಿಡಿಯುವುದನ್ನು 1,333 ಸಲ ಗಮನಿಸಿ ಬರೆದಿದ್ದ. ಪರದೆ ಮುಟ್ಟಿ ಬಳಸುತ್ತಿದ್ದವರಲ್ಲಿ ಶೇ. 49ರಷ್ಟು ಮಂದಿಯದು ಒಂದೇ ಕೈ. ನಮ್ಮ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರನ್ನು ನೋಡಿದರೂ ಇದು ಗೊತ್ತಾಗುತ್ತದೆ ಅಲ್ವಾ?

ಸಂಜೆ ಕೂತು ಬದಲಾಯಿಸಿದೆವು. ಅಂಕಿಗಳೆಲ್ಲ ಕೆಳಗೆ, ಹೆಬ್ಬೆರಳಿಗೆ ಸಿಗುವಲ್ಲಿ. ಬಟನ್ ಕನಿಷ್ಠ ಇಷ್ಟು ದೊಡ್ಡದಿರಲಿ ಎಂದು ಆಂಡ್ರಾಯ್ಡ್‌ನವರು ಹೇಳುವ 48 ಡಿಪಿ (ಪರದೆಯ ಮೇಲಿನ ಅಳತೆ), ಅಂದರೆ ಸುಮಾರು 9 ಮಿಲಿಮೀಟರ್, ಇಲ್ಲಿಗೆ ಸಾಲದು. ಅದಕ್ಕಿಂತ ದೊಡ್ಡದು ಮಾಡಿದೆವು. ಬೂದು ಅಕ್ಷರ ತೆಗೆದು ಅಪ್ಪಟ ಕಪ್ಪು ಹಾಕಿದೆವು, ಮಳೆ ಬಿಟ್ಟು ಬಿಸಿಲು ಬಂದರೂ ಕಾಣಬೇಕು. "ಖಚಿತವೇ?" ಎಂದು ಕೇಳುವ ಪೆಟ್ಟಿಗೆ ಹೋಯಿತು. ಹರಾಜು ಕೂಗುವವರು ನಮಗೋಸ್ಕರ ನಿಲ್ಲುವುದಿಲ್ಲ. ತಪ್ಪಿದರೆ ಹಿಂದೆ ಹೋಗಲು ಒಂದು ದೊಡ್ಡ ಬಟನ್ ಸಾಕು. ಮಾತಾಡಿ ಬರೆಸುವ ಯೋಚನೆಯನ್ನು ಅಲ್ಲಿಯೇ ಬಿಟ್ಟಿದ್ದೆ. ಆ ಗಲಾಟೆಯಲ್ಲಿ, ತುಳು, ಬ್ಯಾರಿ, ಕನ್ನಡ ಬೆರೆತ ಮಾತಿನಲ್ಲಿ ಫೋನಿಗೆ ಏನು ಕೇಳಿಸೀತು?

ಇನ್ನೊಂದು ಯೋಚನೆ ತಲೆಯಲ್ಲಿದೆ. ವಾಲ್ಯೂಮ್ ಬಟನ್‌ಗೆ ನೀರಿನ ತೊಂದರೆ ಇಲ್ಲ. ಒಂದು ಸಲ ಒತ್ತಿದರೆ ಒಂದು ಬುಟ್ಟಿ ಲೆಕ್ಕಕ್ಕೆ ಸೇರುವಂತೆ ಮಾಡಿದರೆ ಪರದೆ ಮುಟ್ಟುವುದೇ ಬೇಡ. ಸೋಮವಾರದೊಳಗೆ ಅದನ್ನು ಮಾಡಿ ಅಕ್ಕನ ಕೈಗೇ ಕೊಡಬೇಕು.