ನಿಮ್ಮ ಹುಡುಗರು ಯಾಕೆ ನಿಲ್ಲಲ್ಲ ಅಂತ ಕೇಳುವವರಿಗೆ

ಚಿಕ್ಕಮಗಳೂರಿನಲ್ಲಿ ಒಂದು ಪಾರ್ಸೆಲ್ ಡೆಲಿವರಿ ಕಂಪನಿಯ ಹಬ್ ಇದೆ. ಅಲ್ಲಿ ನಾನು ನಾಲ್ಕು ವರ್ಷ ಕ್ಯಾಶ್ ನೋಡಿಕೊಂಡಿದ್ದೆ. ಸಂಜೆ ಹುಡುಗರು ವಾಪಸ್ ಬಂದ ಮೇಲೆ ಸಿಒಡಿ ದುಡ್ಡು, ಅಂದರೆ ಪಾರ್ಸೆಲ್ ಕೊಟ್ಟು ಗಿರಾಕಿಯಿಂದ ತಂದ ಕ್ಯಾಶ್, ಎಣಿಸಿಕೊಳ್ಳುವುದು, ಉಳಿದು ಬಂದ ಪಾರ್ಸೆಲ್ ಸ್ಕ್ಯಾನ್ ಮಾಡಿ ಒಳಗಿಡುವುದು ನನ್ನ ಕೆಲಸ. ಅದನ್ನು ಬಿಟ್ಟು ವರ್ಷವಾಯಿತು. ಆದರೂ ಎಲ್ಲಿ ಹೋದರೂ ಅದೇ ಪ್ರಶ್ನೆ. "ಪ್ರತಿ ಸಲ ಹೊಸ ಹುಡುಗ ಬರ್ತಾನಲ್ಲ, ನಿಮ್ಮಲ್ಲಿ ಯಾರೂ ನಿಲ್ಲಲ್ವಾ?"

ಅಷ್ಟಕ್ಕೇ ಬಿಟ್ಟರೆ ಸಮಾಧಾನವಾಗಿ ಉತ್ತರ ಹೇಳಬಹುದು. ಯಾರೂ ಬಿಡುವುದಿಲ್ಲ. ಹೋದ ತಿಂಗಳು ವಿಜಯಪುರದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಪಕ್ಕದಲ್ಲಿ ಕೂತಿದ್ದ ದೊಡ್ಡವರೊಬ್ಬರು ಪ್ರಶ್ನೆಯನ್ನೂ ಅವರೇ ಕೇಳಿ, ಉತ್ತರವನ್ನೂ ಅವರೇ ಕೊಟ್ಟರು. "ಈಗಿನ ಹುಡುಗರಿಗೆ ಮೈ ಬಗ್ಗಲ್ಲಮ್ಮ. ಕೂತಲ್ಲೇ ದುಡ್ಡು ಬೇಕು." ಊಟದ ಪಂಕ್ತಿಯಲ್ಲಿ ಜಗಳ ಬೇಡ ಅಂತ ಸುಮ್ನಿದ್ದೆ. ಈಗ ಇಲ್ಲಿ ಹೇಳುತ್ತೇನೆ.

ಮೈ ಬಗ್ಗದವನು ಜುಲೈ ಮಳೆಯಲ್ಲಿ ಬೆನ್ನಿಗೆ ಬ್ಯಾಗ್ ಕಟ್ಟಿಕೊಂಡು ಆಲ್ದೂರು ಕಡೆಯ ಕಾಫಿ ಎಸ್ಟೇಟುಗಳ ಲೈನಿಗೆ ಬೈಕ್ ಓಡಿಸುವುದಿಲ್ಲ.

ಮೊದಲು ದುಡ್ಡಿನ ಲೆಕ್ಕ ನೋಡಿ. ನಮ್ಮ ಹಬ್‌ನಲ್ಲಿ ಒಂದು ಪಾರ್ಸೆಲ್ ಕೊಟ್ಟರೆ 14 ರೂಪಾಯಿ. ಪೇಟೆ ಒಳಗೆ ಓಡಾಡುವವನು ಎಂ.ಜಿ. ರೋಡ್, ಐ.ಜಿ. ರೋಡ್, ಕೋಟೆ ಸುತ್ತಿ ದಿನಕ್ಕೆ 70 ಪಾರ್ಸೆಲ್ ಕೊಟ್ಟು ಬರುತ್ತಿದ್ದ. 980 ರೂಪಾಯಿ. ಆಲ್ದೂರು ಲೈನಿನವನಿಗೂ ಅದೇ 14. ಅವನಿಗೆ ಸಿಗುವುದೇ 33, 34 ಪಾರ್ಸೆಲ್. ಅಷ್ಟನ್ನೂ ಕೊಟ್ಟರೆ 470ರ ಹತ್ತಿರ. ಓಡಿಸಬೇಕಾದ್ದು 90 ಕಿಲೋಮೀಟರು. ಲೀಟರಿಗೆ 100 ದಾಟಿದ ಪೆಟ್ರೋಲು ಎರಡು ಲೀಟರ್ ಬೇಕು. ಅದೂ ಅವನದೇ ಜೇಬಿನಿಂದ.

ಬೆಂಗಳೂರಿನಲ್ಲಿ ಕೂತು ರೂಟ್ ಹಾಕುವವರಿಗೆ ಮ್ಯಾಪಿನಲ್ಲಿ ಎರಡು ಎಸ್ಟೇಟ್ ಅಕ್ಕಪಕ್ಕ ಕಾಣುತ್ತವೆ. ನಡುವೆ ಹಳ್ಳ ಇರುತ್ತದೆ, ಸುತ್ತಿ ಬರಬೇಕು. ವಿಳಾಸದಲ್ಲಿ ಮನೆ ನಂಬರ್ ಇರುವುದಿಲ್ಲ. ಎಸ್ಟೇಟ್ ಹೆಸರು, ಅಂಚೆ ಹೆಸರು, ಮುಗಿಯಿತು. ಗೇಟಿನಿಂದ ಕೂಲಿಯವರ ಲೈನ್ ಮನೆಗೆ ಮತ್ತೆ ಎರಡು ಕಿಲೋಮೀಟರು ಮಣ್ಣಿನ ದಾರಿ. ಎಸ್ಟೇಟಿನ ಲೆಕ್ಕ ಬರೆಯುವ ಯಾವ ರೈಟರ್ ಎಷ್ಟು ಹೊತ್ತಿಗೆ ಗೇಟಿನ ಹತ್ತಿರ ಇರುತ್ತಾರೆ, ಯಾರ ಪಾರ್ಸೆಲ್ ಯಾವ ಅಂಗಡಿಯಲ್ಲಿ ಕೊಟ್ಟರೆ ತಲುಪುತ್ತದೆ, ಇದೆಲ್ಲ ಒಬ್ಬ ಹುಡುಗನಿಗೆ ಗೊತ್ತಾಗಲು ಮೂರು ತಿಂಗಳಾದರೂ ಬೇಕು. ಅವನು ಬಿಟ್ಟು ಹೋದರೆ ಅದೂ ಅವನ ಜೊತೆಗೇ ಹೋಯಿತು. ಇದು ಕಂಪನಿಯ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಒಂದು ಸಂಜೆ ನನಗೆ ಮರೆಯುವುದಿಲ್ಲ. ಮೂರು ದಿನದಿಂದ ಬಿಡದ ಮಳೆ. ಆಲ್ದೂರು ಲೈನಿನ ಹುಡುಗ ರಾತ್ರಿ ಎಂಟಕ್ಕೆ ಬಂದ. 33ರಲ್ಲಿ 24 ಕೊಟ್ಟಿದ್ದ, 9 ವಾಪಸ್ ತಂದಿದ್ದ. ಕರೆಂಟ್ ಹೋಗಿ ಆ ಕಡೆ ಟವರ್ ಸತ್ತಿತ್ತು. ಗಿರಾಕಿ ಬಾಗಿಲಲ್ಲೇ ನಿಂತಿದ್ದರೂ ಓಟಿಪಿ ಬರಲಿಲ್ಲ. ಓಟಿಪಿ ಇಲ್ಲದೆ ಕೊಡುವ ಹಾಗಿಲ್ಲ. ಆ್ಯಪ್‌ನಿಂದ ಫೋನ್ ಮಾಡಿದ ದಾಖಲೆಯೂ ಇಲ್ಲ, ಸಿಗ್ನಲ್ಲೇ ಇಲ್ಲವಲ್ಲ! ದಾಖಲೆ ಇಲ್ಲದಿದ್ದರೆ ಕಂಪನಿಯ ಭಾಷೆಯಲ್ಲಿ ಅದು 'ಫೇಕ್ ಅಟೆಂಪ್ಟ್'. ಹೋಗದೇ ಹೋದೆ ಅಂತ ಸುಳ್ಳು ಹೇಳಿದ್ದಾನೆ ಅಂತ ಅರ್ಥ. ಪಾರ್ಸೆಲ್‌ಗೆ 50 ರೂಪಾಯಿ ಕಟ್.

ಒಂಬತ್ತಕ್ಕೆ 450 ಹೋಯಿತು. ದುಡಿದದ್ದು 336.

ಅವನು ಮ್ಯಾನೇಜರ್ ಮುಂದೆ ನಿಂತು, "ಸರ್, ನಾನು ಹೋಗಿದ್ದೆ" ಅಂದ. ಮೈಯಿಂದ ನೀರು ಇಳಿದು ನೆಲ ಒದ್ದೆಯಾಗಿತ್ತು. ಮ್ಯಾನೇಜರ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಸಿಸ್ಟಮ್‌ನಲ್ಲಿ ಇಲ್ವಲ್ಲ" ಅಂದರು. ಹುಡುಗ ನನ್ನ ಟೇಬಲ್ಲಿಗೆ ಬಂದು ದುಡ್ಡು ಕೊಟ್ಟ. ನೋಟುಗಳು ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗದೆ ಇದ್ದವು. ಎರಡು ಸಲ ಎಣಿಸಿದೆ, ಒಂದು ರೂಪಾಯಿ ಕಮ್ಮಿ ಇರಲಿಲ್ಲ. ಮಾರನೇ ದಿನ ಅವನು ಬರಲಿಲ್ಲ.

ಇವನನ್ನೇ ಅಲ್ವಾ ನೀವು ಮೈಗಳ್ಳ ಅನ್ನುವುದು?

ಆಗ ಕಟ್ ಮಾಡಿದ್ದಕ್ಕೆ ಕಾರಣ ಕೊಡಿ ಅಂತ ಕೇಳಲು ಅವನ ಕೈಯಲ್ಲಿ ಏನೂ ಇರಲಿಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸಕ್ಕಿಷ್ಟು ಅಂತ ದುಡಿಯುವವರ, ಕಾನೂನು ಬಂದಿದೆ. ಸರಕು ಸಾಗಿಸುವ ಪ್ಲಾಟ್‌ಫಾರಂಗಳೂ ಅದರ ಪಟ್ಟಿಯಲ್ಲಿವೆ. ದುಡ್ಡು ಹಿಡಿದರೆ ಯಾಕೆ ಅಂತ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಕಂಪನಿಗಳಿಂದ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕವನ್ನೂ ವಸೂಲಿ ಮಾಡಲಾಗುತ್ತದೆ. ಬಹಳ ಒಳ್ಳೆಯದು. ಆದರೆ ಒದ್ದೆಯಾಗಿ ಬಂದವನ ಮುಖ ನೋಡಿ ಮಾತಾಡಲು ಕಾನೂನು ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಯಾರಾದರೂ ನನ್ನನ್ನು ಬೇರೆ ಪ್ರಶ್ನೆ ಕೇಳಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ನಿಮ್ಮ ಮ್ಯಾನೇಜರುಗಳು ಎಷ್ಟು ದಿನ ನಿಂತರು ಅಂತ ಕೇಳಿ. ನಾಲ್ಕು ವರ್ಷದಲ್ಲಿ ಆರು ಜನ! ಬಂದವರೆಲ್ಲ ಮೊದಲ ವಾರವೇ ರೂಟ್ ಬದಲಾಯಿಸುತ್ತಿದ್ದರು. ಕಳಸದ ಕಡೆ ಪಳಗಿದವನನ್ನು ಪೇಟೆಗೆ ಹಾಕುವುದು, ಪೇಟೆಯವನನ್ನು ಮೂಡಿಗೆರೆ ರಸ್ತೆಗೆ ಹಾಕುವುದು. ತಿಂಗಳ ಕೊನೆಗೆ ವಾಪಸ್ ಪಾರ್ಸೆಲ್ ಜಾಸ್ತಿಯಾದರೆ ಹುಡುಗರು ಸರಿ ಇಲ್ಲ ಅಂತ ಮೇಲಕ್ಕೆ ಬರೆಯುವುದು.

ಆರು ಜನರಲ್ಲಿ ಒಬ್ಬರು ಬೇರೆ ಥರ ಇದ್ದರು. ಹಾಸನದಲ್ಲಿ ತಾವೇ ಬ್ಯಾಗ್ ಹೊತ್ತು ಸಂತೆಪೇಟೆ ಸುತ್ತಿ ಮೇಲೆ ಬಂದವರು. ಸೇರಿದ ವಾರ ಕುರ್ಚಿಯಲ್ಲಿ ಕೂರಲೇ ಇಲ್ಲ. ಮೂರು ದಿನ ಆಲ್ದೂರು ಲೈನಿನ ಬೈಕಿನ ಹಿಂದೆ ಕೂತು ಹೋದರು. ನಾಲ್ಕನೇ ದಿನ ಬೆಂಗಳೂರಿಗೆ ಫೋನ್ ಮಾಡಿ ಒಂದು ಗಂಟೆ ಜಗಳ ಆಡಿದರು. ಬಾಗಿಲು ಹಾಕಿದ್ದರೂ ನಮಗೆಲ್ಲ ಕೇಳಿಸಿತು, ಹುಡುಗರು ಸಾರ್ಟಿಂಗ್ ನಿಲ್ಲಿಸಿ ಕಿವಿ ಕೊಟ್ಟು ನಿಂತಿದ್ದರು. ದೂರದ ಲೈನುಗಳಿಗೆ ಪೆಟ್ರೋಲ್ ದುಡ್ಡು ಬೇರೆ ಬಂತು. ಹುಡುಗನ ಮಾತು ಕೇಳದೆ ಒಂದು ರೂಪಾಯಿಯೂ ಕಟ್ ಆಗಬಾರದು ಅಂತ ನನಗೆ ಹೇಳಿದರು. ಟವರ್ ಇಲ್ಲದ ಜಾಗಗಳ ಪಟ್ಟಿಯನ್ನು ಹುಡುಗರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿದರು.

ಅವರಿದ್ದದ್ದು 11 ತಿಂಗಳು. ಅಷ್ಟರಲ್ಲಿ ಬಿಟ್ಟು ಹೋದವನು ಒಬ್ಬನೇ. ಅವನಿಗೂ ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಹೋಗಬೇಕಾಗಿ ಬಂತು. ಮಳೆ, ದಾರಿ, 14 ರೂಪಾಯಿ, ಎಲ್ಲ ಮೊದಲಿನ ಹಾಗೇ ಇದ್ದವು. ಅವರಿಗೆ ವರ್ಗವಾದ ಮೇಲೆ ಬಂದವರು ಮೊದಲು ತೆಗೆಸಿದ್ದು ಗೋಡೆಯ ಮೇಲಿನ ಪಟ್ಟಿ. ದೀಪಾವಳಿ ಹೊತ್ತಿಗೆ ಮೂವರು ಹೋಗಿದ್ದರು. ಆಮೇಲೆ ನಾನೂ ಬಿಟ್ಟೆ.

ಕಳೆದ ವಾರ ಆಲ್ದೂರಿನಲ್ಲಿ ಆ ಮಳೆಯ ಹುಡುಗ ಸಿಕ್ಕಿದ್ದ. ಈಗ ಗೂಡ್ಸ್ ಆಟೊ ಓಡಿಸುತ್ತಾನೆ. ಟೀ ಕುಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. ಹೊರಡುವಾಗ ಕೇಳಿದ.

"ಅಕ್ಕಾ, ನನ್ನ ಆ 450 ರೂಪಾಯಿಗೆ ನೀವು ಬೆಂಗಳೂರಿಗೆ ಮೇಲ್ ಹಾಕಿದ್ರಲ್ಲ, ಉತ್ತರ ಬಂತಾ?"

"ಇಲ್ಲ ಕಣೋ" ಅಂದೆ.