ಅನಾನಸ್ ಜಾಮ್: ಒಲೆಯಿಂದ ಅಂಗಡಿಯವರೆಗಿನ ದಾಖಲೆ

ಏಪ್ರಿಲ್ 20, 2025

ಬನವಾಸಿ ಸೀಮೆಯಲ್ಲಿ ಅನಾನಸ್ ಬೆಳೆಯುವವರಿಗೆಲ್ಲ ತಿಳಿದಿರುವಂತೆ, ತೋಟದ ಹಣ್ಣೆಲ್ಲ ಒಟ್ಟಿಗೆ ಬಲಿತರೆ ದರ ಬೀಳುತ್ತದೆ, ಸಣ್ಣ ಗಾತ್ರದವನ್ನಂತೂ ವ್ಯಾಪಾರಿ ಬದಿಗೆ ಸರಿಸಿಬಿಡುತ್ತಾನೆ. ಹಾಗೆ ಉಳಿದ ಹಣ್ಣಿನಿಂದ ಆಯಿ ಪ್ರತಿ ವರ್ಷ ಜಾಮ್ ಕಾಯಿಸಿ ನೆಂಟರಿಗೆ ಹಂಚುತ್ತಾಳೆ. ಅದನ್ನೇ ಶಿರಸಿಯ ಅಂಗಡಿಗಳಲ್ಲಿ ಮಾರೋಣವೆಂದು ಈ ಬೇಸಿಗೆಯಲ್ಲಿ ನಿರ್ಧರಿಸಿದೆ. ಮೊದಲ ಹೆಜ್ಜೆಯಾಗಿ ಕರಗಿದ ಸಕ್ಕರೆಯಂಶವನ್ನು ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಒಂದನ್ನು ತರಿಸಿ, ಆಯಿಯ ಜಾಮ್‌ನ ಒಂದು ಹನಿಯನ್ನು ಅದರ ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ಗೆರೆ 58 ಬ್ರಿಕ್ಸ್‌ನಲ್ಲಿ ನಿಂತಿತ್ತು, ಅಂದರೆ ತೂಕದಲ್ಲಿ ಸುಮಾರು ಶೇ 58 ಕರಗಿದ ಘನಾಂಶ, ಬಹುಪಾಲು ಸಕ್ಕರೆ.

ಭಾರತದಲ್ಲಿ ‘ಜಾಮ್’ ಎಂದು ಬರೆದು ಮಾರಬೇಕಾದರೆ ಒಟ್ಟು ಕರಗಿದ ಘನಾಂಶ ತೂಕದಲ್ಲಿ ಶೇ 65ಕ್ಕಿಂತ ಕಡಿಮೆ ಇರಬಾರದು, ಹಣ್ಣಿನ ಪ್ರಮಾಣ ಶೇ 45ಕ್ಕಿಂತ ಕಡಿಮೆ ಇರಬಾರದು ಎಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳು ಹೇಳುತ್ತವೆ. ಸ್ಟ್ರಾಬೆರಿ, ರಾಸ್ಪ್‌ಬೆರಿಗಳಿಗೆ ಮಾತ್ರ ಹಣ್ಣಿನ ಮಿತಿ ಶೇ 25. ಇಷ್ಟು ವರ್ಷ ನಾವು ಜಾಮ್ ಎಂದುಕೊಂಡು ತಿಂದದ್ದು ಕಾಯಿದೆಯ ಲೆಕ್ಕದಲ್ಲಿ ಜಾಮ್ ಅಲ್ಲವೆಂದು ಕೇಳಿ ಆಯಿಗೆ ನಗು ಬಂತು. ಆದರೆ ಮಳೆಗಾಲ ಹಿಡಿದ ಮೇಲೆ ಆ ಬಾಟಲಿಗಳಲ್ಲಿ ಬೂಸ್ಟು ಕಾಣಿಸಿಕೊಳ್ಳುತ್ತಿದ್ದುದೂ ನಿಜ. ಸಕ್ಕರೆ ಸಾಕಷ್ಟು ಇದ್ದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, 58ರಲ್ಲಿ ಆ ಹಿಡಿತ ಸಡಿಲ.

ಮೇ 18

ಮೊದಲ ಪ್ರಯೋಗ ಕೆಟ್ಟಿತು. ಜಾಮ್ 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಬೇಕು ಎಂಬ ಪಾಠವನ್ನು ಅಕ್ಷರಶಃ ಪಾಲಿಸಿದ್ದೇ ತಪ್ಪಾಯಿತು. ಆ ಅಂಕಿ ಸಮುದ್ರಮಟ್ಟದ್ದು. ಸುಮಾರು 590 ಮೀಟರ್ ಎತ್ತರದ ಈ ಘಟ್ಟದ ಮೇಲೆ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ, ಆದ್ದರಿಂದ ಇಲ್ಲಿ 105ರವರೆಗೆ ಕಾಯಿಸಿದರೆ ಹದ ಮೀರಿರುತ್ತದೆ. ಆರಿದ ಮೇಲೆ ಅಳೆದಾಗ 74 ಬ್ರಿಕ್ಸ್ ಇತ್ತು, ಬಣ್ಣ ಬೆಲ್ಲದಂತಾಗಿತ್ತು, ಎರಡು ವಾರದಲ್ಲಿ ಸಕ್ಕರೆ ಹರಳುಗಟ್ಟಿ ಹಲ್ಲಿಗೆ ಸಿಗುವಂತಾಯಿತು. ಸುಟ್ಟ ರುಚಿ ಇರಬಾರದು, ಹರಳುಗಟ್ಟಿರಬಾರದು ಎಂದು ಅದೇ ನಿಯಮಗಳಲ್ಲಿದೆ. ಒಂದೇ ಪಾತ್ರೆಯಲ್ಲಿ ಎರಡನ್ನೂ ಮುರಿದಿದ್ದೆ.

ಜೂನ್ 8

ಈಗ ಥರ್ಮಾಮೀಟರ್ 102 ದಾಟಿದ ಕೂಡಲೇ ಉರಿ ತಗ್ಗಿಸಿ, ಹನಿ ತೆಗೆದು ಆರಿಸಿ, ರಿಫ್ರ್ಯಾಕ್ಟೋಮೀಟರ್ ಹೇಳಿದಂತೆ ಕೇಳುತ್ತೇನೆ. ಅನಾನಸ್‌ನಲ್ಲಿ ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ಕಡಿಮೆ, ಹಾಗಾಗಿ ಹೊರಗಿನಿಂದ ಸೇರಿಸಲೇಬೇಕು. ಕಳೆದ ವಾರ ಪುಡಿಯನ್ನು ನೇರವಾಗಿ ಬಿಸಿ ತಿರುಳಿಗೆ ಸುರಿದು ಅವಲಕ್ಕಿ ಗಾತ್ರದ ಗಂಟುಗಳನ್ನು ಪಡೆದೆ. ಈ ಸಲ ಅದರ ಹತ್ತರಷ್ಟು ಸಕ್ಕರೆಯೊಂದಿಗೆ ಒಣಗಿದ್ದಾಗಲೇ ಬೆರೆಸಿ, ತೊಳಸುತ್ತ ಉದುರಿಸಿದೆ. ಸಿಟ್ರಿಕ್ ಆಮ್ಲವನ್ನು ಕೊನೆಗೆ ಹಾಕಿದೆ. 10 ಕಿಲೋ ತಿರುಳು, ಏಳೂವರೆ ಕಿಲೋ ಸಕ್ಕರೆಗೆ 67 ಬ್ರಿಕ್ಸ್‌ನ 13 ಕಿಲೋ ಜಾಮ್ ಸಿಕ್ಕಿತು. ಹಣ್ಣಿನ ಪಾಲು ಶೇ 75ರ ಮೇಲಿದೆ.

ಜೂನ್ 29

ಬಾಟಲಿಯ ವಿಷಯದಲ್ಲಿ ಮೋಸಹೋದದ್ದು ನನ್ನ ಅವಸರದಿಂದಲೇ. 250 ಗ್ರಾಂ ಜಾಮ್‌ಗೆ 250 ಮಿಲಿಲೀಟರ್ ಬಾಟಲಿ ಸರಿಹೊಂದುತ್ತದೆ ಎಂದುಕೊಂಡು ಇನ್ನೂರು ಬಾಟಲಿ ತರಿಸಿದ್ದೆ. ಜಾಮ್ ನೀರಿಗಿಂತ ಭಾರ, ಮಿಲಿಲೀಟರಿಗೆ ಸುಮಾರು 1.33 ಗ್ರಾಂ ತೂಗುತ್ತದೆ, ಹಾಗಾಗಿ 250 ಗ್ರಾಂ ತುಂಬಿದಾಗ ಬಾಟಲಿಯ ಹೆಗಲೂ ಮುಚ್ಚಲಿಲ್ಲ. ಗಟ್ಟಿ ಡಬ್ಬಿ, ಬಾಟಲಿಗಳಲ್ಲಿ ತುಂಬಿದ ಜಾಮ್ ಆ ಪಾತ್ರೆಯ ನೀರಿನ ಧಾರಣಶಕ್ತಿಯ ಶೇ 90ಕ್ಕಿಂತ ಕಡಿಮೆ ಜಾಗ ಹಿಡಿಯುವಂತಿಲ್ಲ. ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಬಾಯಿಮಟ್ಟ ನೀರು ತುಂಬಿದೆ: 258 ಗ್ರಾಂ. ಅದರ ಶೇ 90 ಎಂದರೆ 232 ಮಿಲಿಲೀಟರ್, ಜಾಮ್‌ನ ತೂಕದಲ್ಲಿ 309 ಗ್ರಾಂ. ಬಾಟಲಿ ಹಿಂದಿರುಗಿಸುವ ಬದಲು ನಿವ್ವಳ ತೂಕವನ್ನೇ 310 ಗ್ರಾಂಗೆ ಏರಿಸಿದೆ. ನೋಡಲು ವಿಚಿತ್ರ ಅಂಕಿ, ಆದರೆ ಪ್ರಾಮಾಣಿಕವಾದದ್ದು.

ಜುಲೈ 27

ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ 2025ರಲ್ಲಿ ಆಹಾರ ಪ್ರಾಧಿಕಾರದ ಪರವಾನಗಿಯ ಬದಲು ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಗಳ ಸಂಖ್ಯೆ ಕೈಸೇರಿದೆ. ಅದು ಸುಲಭದ ಭಾಗ.

ಲೇಬಲ್ ಮಾತ್ರ ಒಂದು ತಿಂಗಳು ತಿಂದಿತು. ಪೂರ್ತಿ ಕನ್ನಡದಲ್ಲೇ ಅಚ್ಚು ಹಾಕಿಸುವ ಆಸೆಯಿತ್ತು, ಆದರೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಬೇರೆ ಭಾಷೆ ಹೆಚ್ಚುವರಿಯಾಗಿ ಇರಬಹುದಷ್ಟೆ. ಶಿರಸಿಯ ಪೇಟೆ ದಾಟದ ಬಾಟಲಿಗೂ ಇದೇ ನಿಯಮವೆಂಬುದು ನನಗಿನ್ನೂ ಒಪ್ಪಿಗೆಯಾಗಿಲ್ಲ. ಅಂಗೈಯಗಲದ ಕಾಗದದಲ್ಲಿ ಎರಡು ಭಾಷೆ ಹಿಡಿಸಲು ಹಣ್ಣಿನ ಚಿತ್ರವನ್ನೇ ಕೈಬಿಟ್ಟೆ. ‘ಮನೆಯಲ್ಲೇ ಮಾಡಿದ್ದು’ ಎಂಬ ಸಾಲನ್ನೂ ಅಳಿಸಿದೆ, ಏಕೆಂದರೆ ಗ್ರಾಹಕರಿಗೆ ತಪ್ಪು ಅಭಿಪ್ರಾಯ ಮೂಡಿಸಬಹುದಾದ ಮಾತುಗಳಿಗೆ ಅದೇ ಪ್ರಾಧಿಕಾರದ 2018ರ ನಿಯಮಗಳು ಆಸ್ಪದ ಕೊಡುವುದಿಲ್ಲ.

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕಾದ್ದರಿಂದ ನಮ್ಮ ಪಟ್ಟಿಯಲ್ಲಿ ಅನಾನಸ್ ಮೊದಲು, ಸಕ್ಕರೆ ಆಮೇಲೆ. ಹಣ್ಣು ಶೇ 45ರ ಅಂಚಿನಲ್ಲಿರುವ ಜಾಮ್‌ನಲ್ಲಿ ಸಕ್ಕರೆಯೇ ಮೊದಲು ನಿಲ್ಲುತ್ತದೆ, ಕೊಳ್ಳುವವರು ಅಷ್ಟು ನೋಡಿದರೂ ಸಾಕು. ಪೆಕ್ಟಿನ್‌ಗೆ 440, ಸಿಟ್ರಿಕ್ ಆಮ್ಲಕ್ಕೆ 330 ಎಂಬ, ಸೇರ್ಪಡೆ ಪದಾರ್ಥಗಳನ್ನು ಗುರುತಿಸುವ ಸಂಖ್ಯೆಗಳನ್ನು ಹಾಕಿದೆ. ಆದರೆ ಪೌಷ್ಟಿಕಾಂಶದ ಕೋಷ್ಟಕ ನನ್ನ ಹೆಮ್ಮೆಯನ್ನು ಸ್ವಲ್ಪ ಇಳಿಸಿತು: 15 ಗ್ರಾಂ ಜಾಮ್‌ನಲ್ಲಿ 8.7 ಗ್ರಾಂ ಸೇರಿಸಿದ ಸಕ್ಕರೆ, ಅಂದರೆ ಲೇಬಲ್‌ಗೆ ಆಧಾರವಾಗಿಟ್ಟುಕೊಂಡ ದಿನದ 50 ಗ್ರಾಂ ಮಿತಿಯ ಶೇ 17.

ಮೊದಲ ಅಚ್ಚಿನಲ್ಲಿ ಮುದ್ರಕರು ಸಸ್ಯಾಹಾರದ ಹಸಿರು ಚುಕ್ಕೆಯನ್ನು ಕಪ್ಪು ಶಾಯಿಯಲ್ಲಿ ಹೊಡೆದಿದ್ದರು. ಇನ್ನೂರು ಲೇಬಲ್ ಒಲೆ ಸೇರಿದವು.

ಸೆಪ್ಟೆಂಬರ್ 28

ಮೂರು ಅಂಗಡಿಗಳಲ್ಲಿ ಬಾಟಲಿಗಳಿವೆ. ಗರಿಷ್ಠ ಮಾರಾಟ ಬೆಲೆ 186 ರೂಪಾಯಿ, ಅದರ ಪಕ್ಕದಲ್ಲಿ ಕಡ್ಡಾಯವಾಗಿ ಗ್ರಾಂಗೆ 60 ಪೈಸೆ. ಸೆಪ್ಟೆಂಬರ್ 22ರಿಂದ ಜಾಮ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆಯಲ್ಲ, ನಿಮ್ಮ ದರ ಏಕೆ ಇಳಿಯಲಿಲ್ಲ ಎಂದು ಅಂಗಡಿಯ ಭಟ್ಟರು ಕೇಳಿದರು. ನಮ್ಮ ವಹಿವಾಟು ಜಿಎಸ್‌ಟಿ ನೋಂದಣಿ ಬೇಕಾಗದ ಮಿತಿಯೊಳಗೇ ಇರುವುದರಿಂದ ನಾವು ಮೊದಲೂ ತೆರಿಗೆ ಸೇರಿಸಿರಲಿಲ್ಲ ಎಂದು ವಿವರಿಸಿದೆ. “ಹಾಗಾದ್ರೆ ಒಂದು ಬೋರ್ಡು ಬರೆದು ಕೊಡಿ, ದಿನಾ ಹತ್ತು ಜನಕ್ಕೆ ಹೇಳ್ಲಿಕ್ಕೆ ನಂಗಾಗ್ತಿಲ್ಲೆ” ಎಂದರು. ಬರೆದು ಕೊಟ್ಟೆ.

ಡಿಸೆಂಬರ್ 14

ಪ್ರತಿ ಬ್ಯಾಚಿನಿಂದ ಎರಡು ಬಾಟಲಿಗಳನ್ನು ಅಟ್ಟದ ಮೇಲೆ ಇಡುತ್ತಿದ್ದೇನೆ. ಜೂನ್ 8ರ ಬಾಟಲಿಯನ್ನು ಇಂದು ತೆರೆದೆ. ಬೂಸ್ಟು ಇಲ್ಲ, ಹರಳು ಇಲ್ಲ, ಅಂಚಿನಲ್ಲಿ ಮಾತ್ರ ತುಸು ನೀರು ಬಿಟ್ಟಿದೆ. ಆಮ್ಲ ಹೆಚ್ಚಾಗಿರಬೇಕೆಂಬ ಅನುಮಾನದಿಂದ ಮುಂದಿನ ಬ್ಯಾಚಿಗೆ ಅದನ್ನು 30 ಗ್ರಾಂನಿಂದ 24ಕ್ಕೆ ಇಳಿಸಿ ಬರೆದಿಟ್ಟಿದ್ದೇನೆ. ಎರಡನೆಯ ಬಾಟಲಿ ಮಾರ್ಚ್‌ವರೆಗೆ ಅಲ್ಲೇ ಇರುತ್ತದೆ, ಆಯಿ ಅದನ್ನು ನೆಂಟರಿಗೆ ಕೊಡದಿದ್ದರೆ.