ಬೆಂಕಿಕಡ್ಡಿ ಗೀರಿದ್ರೆ ಸಾಕಲ್ವಾ?

"ಮೀಥೇನ್ ಸುಡೋಕೆ ಬೆಂಕಿಕಡ್ಡಿ ಗೀರಿದ್ರೆ ಸಾಕಲ್ವಾ? ಅದಕ್ಕೇನು ಇಷ್ಟು ವರ್ಷ ಓದೋದು?" ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಗಣಿಯ ಗಾಳಿಯಲ್ಲಿ ಬರುವ ಮೀಥೇನ್ ಅನಿಲವನ್ನು ಸುಡುವುದು ಹೇಗೆ ಅನ್ನುವುದೇ ನನ್ನ ಓದು. ಬಾಯಲ್ಲಿ ಹೇಳಿ ಸಾಕಾಗಿದೆ.

ಬೆಂಕಿಕಡ್ಡಿ ಸಾಲದು. ಗಾಳಿಯಲ್ಲಿ ಮೀಥೇನ್ ಸುಮಾರು ಶೇಕಡ 5ಕ್ಕಿಂತ ಕಡಿಮೆ ಇದ್ದರೆ ಬೆಂಕಿ ಹತ್ತುವುದೇ ಇಲ್ಲ. ನಿಮ್ಮ ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್, ಅದಕ್ಕೇ ಒಲೆ ಉರಿಯುತ್ತದೆ. ಕಲ್ಲಿದ್ದಲು ಗಣಿಯ ಫ್ಯಾನು ಹೊರಗೆ ದೂಡುವ ಗಾಳಿಯಲ್ಲಿ ಸಾಮಾನ್ಯವಾಗಿ ಶೇಕಡ 1 ಕೂಡ ಇರುವುದಿಲ್ಲ. ಅದನ್ನು ಜ್ವಾಲೆ ಇಲ್ಲದೆ ಸುಡಬೇಕು. ಅದಕ್ಕೆ ಮೀಥೇನ್ ಮತ್ತು ಆಮ್ಲಜನಕವನ್ನು ಕೂಡಿಸುವ ವೇಗವರ್ಧಕ ಬೇಕು. ಪಲ್ಲಾಡಿಯಂ ಎಂಬ ಲೋಹ ಈ ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ವಿಪರೀತ ದುಬಾರಿ. ಹಾಗಾಗಿ ನಾವು ಕೋಬಾಲ್ಟ್ ಆಕ್ಸೈಡು, ನಮ್ಮ ಕುಂಸಿ ಕಡೆ ಅದಿರು ಸಿಗುವ ಮ್ಯಾಂಗನೀಸಿನ ಆಕ್ಸೈಡು, ಇಂಥ ಪುಡಿಗಳನ್ನು ಹಿಡಿದಿದ್ದೇವೆ. 400 ಡಿಗ್ರಿ ಆಸುಪಾಸಿನಲ್ಲಿ ಈ ಪುಡಿ ತನ್ನ ಮೈಯೊಳಗಿನ ಆಮ್ಲಜನಕವನ್ನೇ ಮೀಥೇನಿಗೆ ಕೊಡುತ್ತದೆ. ಖಾಲಿಯಾದ ಜಾಗವನ್ನು ಗಾಳಿಯಿಂದ ತುಂಬಿಕೊಳ್ಳುತ್ತದೆ. ಡಬ್ಬಿಯ ಅಕ್ಕಿ ಪಕ್ಕದ ಮನೆಗೆ ಕೊಟ್ಟು, ಸಂತೆಯಿಂದ ತಂದು ತುಂಬಿದ ಹಾಗೆ.

ತೀರ್ಥಹಳ್ಳಿ ಹತ್ತಿರ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದರು: "ಸುಟ್ರೂ ಕಾರ್ಬನ್ ಡೈಆಕ್ಸೈಡ್ ಬರುತ್ತಲ್ಲ. ಸುಮ್ನೆ ಗಾಳಿಗೆ ಬಿಟ್ರೆ ಏನು?" ಆ 'ಸುಮ್ನೆ' ನನಗೆ ಚುಚ್ಚಿತು. ಎಲೆಯ ಮುಂದೆಯೇ ಲೆಕ್ಕ ಶುರು ಮಾಡಿದೆ. ಒಂದು ಕಿಲೋ ಮೀಥೇನ್ ಸುಟ್ಟರೆ 2.75 ಕಿಲೋ ಕಾರ್ಬನ್ ಡೈಆಕ್ಸೈಡ್, ನಿಜ. ಅದೇ ಒಂದು ಕಿಲೋವನ್ನು ಸುಡದೆ ಬಿಟ್ಟರೆ? 20 ವರ್ಷದ ಲೆಕ್ಕದಲ್ಲಿ ಸುಮಾರು 80 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಪಾಯಸದವರು ಎರಡು ಸಲ ಬಂದು ಹೋದರು. ಅವರು ಒಪ್ಪಿದರೋ ಇಲ್ಲವೋ, ನಾನು ಬಿಡಲಿಲ್ಲ.

ಆದರೆ ಇಷ್ಟು ಮಳೆ ಕಂಡ ಊರಲ್ಲಿ ತೇವದ ಮಾತು ಯಾರೂ ಎತ್ತುವುದಿಲ್ಲವಲ್ಲ! ಹೋದ ಆಷಾಢದಲ್ಲಿ ಅಮ್ಮ ಅಟ್ಟದ ಅಡಿಕೆ ಮೂಟೆ ಮುಟ್ಟಿ ನೋಡುತ್ತಾ ಕೇಳಿದಳು: "ನಿನ್ನ ಪುಡಿ ಥಂಡಿ ಎಳಿಯಲ್ವಾ?"

ಎಳೆಯುತ್ತದೆ. ನಮ್ಮ ದೊಡ್ಡ ಕಷ್ಟವೇ ಅದು. ಒಂದು ಮೀಥೇನ್ ಅಣು ಸುಟ್ಟರೆ ಎರಡು ನೀರಿನ ಅಣು ಹುಟ್ಟುತ್ತವೆ. ಗಣಿಯ ಗಾಳಿಯೂ ಒದ್ದೆ. ಮೀಥೇನ್ ಬಂದು ಕೂರಬೇಕಾದ ಜಾಗದಲ್ಲಿ ನೀರು ಕೂತುಬಿಡುತ್ತದೆ. ಒಣ ಗಾಳಿಯಲ್ಲಿ ಚೆನ್ನಾಗಿ ಸುಡುತ್ತಿದ್ದ ಪುಡಿ ಆವಿ ಬೆರೆಸಿದ ಕೂಡಲೇ ಮಂಕಾಗುತ್ತದೆ. ಬಿಸಿ ಏರಿಸಿದರೆ ನೀರು ಬಿಟ್ಟುಹೋಗುತ್ತದೆ, ಆದರೆ ಜಾಸ್ತಿ ಏರಿಸಿದರೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿ, ಮೀಥೇನ್ ಕೂರುವ ಹೊರಮೈ ಕಡಿಮೆಯಾಗುತ್ತದೆ. ಇದನ್ನೆಲ್ಲ ಅಮ್ಮನಿಗೆ ಒಂದು ಗಂಟೆ ಹೇಳಿದೆ. ಅವಳು ಮೂಟೆಯ ಬಾಯಿ ಮತ್ತೆ ಬಿಗಿದು, "ಹಾಗಾದ್ರೆ ಒದ್ದೆ ಗಾಳಿಯಲ್ಲೇ ಪರೀಕ್ಷೆ ಮಾಡು" ಎಂದಳು. ಈಗ ಅದನ್ನೇ ಮಾಡುತ್ತಿದ್ದೇನೆ.